ಗೇರ್‌ಬಾಕ್ಸ್ ಆಯಿಲ್ ಕೂಲರ್: ಮೂರು ಬಗೆ ಓಡಿಸಿ ನೋಡಿದ ಮೇಲೆ ನನ್ನ ಓಟು ಪ್ಲೇಟ್ ಕೂಲರ್‌ಗೆ

ಮೊದಲೇ ಹೇಳಿಬಿಡುತ್ತೇನೆ. ವಾರವೆಲ್ಲ ಊರೊಳಗೆ ಓಡಿ, ಆಗೊಮ್ಮೆ ಈಗೊಮ್ಮೆ ಟ್ರ್ಯಾಕಿಗೆ ಇಳಿಯುವ ಆಟೋಮ್ಯಾಟಿಕ್ ಕಾರಿಗೆ ನನ್ನ ಆಯ್ಕೆ ಸ್ಟ್ಯಾಕ್ಡ್ ಪ್ಲೇಟ್ ಕೂಲರ್. ಜೊತೆಗೆ ಅದರದ್ದೇ ಫ್ಯಾನು, ಅದರದ್ದೇ ಗಟ್ಟಿ ಬ್ರಾಕೆಟ್ಟು, ಆಯಿಲ್ ಬಿಸಿಯಾದ ಮೇಲಷ್ಟೇ ಕೂಲರ್ ಕಡೆ ಬಿಡುವ ಒಂದು ಥರ್ಮೋಸ್ಟಾಟ್. ಕಾರಿನ ಜೊತೆ ಬರುವ, ರೇಡಿಯೇಟರ್ ಒಳಗಿನ ಕೂಲರ್ ಒಂದನ್ನೇ ನಂಬಿ ಓಡಿಸಿದ್ದೇನೆ. ಅಗ್ಗದ ಟ್ಯೂಬ್ ಕೂಲರ್ ಕಿಟ್ ಹಾಕಿಯೂ ಓಡಿಸಿದ್ದೇನೆ. ಆ ಕಿಟ್ಟು ಮಾಡಿದ ಕಿತಾಪತಿಯೇ ನನ್ನನ್ನು ಪ್ಲೇಟ್ ಕೂಲರ್ ಕಡೆ ತಳ್ಳಿದ್ದು.

ಬಿಸಿ ಹುಟ್ಟುವುದು ಮುಖ್ಯವಾಗಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕೂತಿರುವ ಟಾರ್ಕ್ ಕನ್ವರ್ಟರ್‌ನಲ್ಲಿ. ಎಂಜಿನ್ ಕಡೆಯ ಚಕ್ರ ಆಯಿಲನ್ನು ಎರಚುತ್ತದೆ, ಆ ರಭಸಕ್ಕೆ ಗೇರ್‌ಬಾಕ್ಸ್ ಕಡೆಯ ಚಕ್ರ ತಿರುಗುತ್ತದೆ. ಎರಡರ ವೇಗದ ನಡುವೆ ಎಷ್ಟು ಅಂತರ ಇರುತ್ತದೋ ಅಷ್ಟು ಶಕ್ತಿ ಬಿಸಿಯಾಗಿ ಆಯಿಲ್ ಸೇರುತ್ತದೆ. ಹೈವೇಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಲಾಕಪ್ ಕ್ಲಚ್ ಎರಡನ್ನೂ ಬಿಗಿಯಾಗಿ ಹಿಡಿಯುತ್ತದೆ, ಜಾರಾಟ ನಿಲ್ಲುತ್ತದೆ, ಆಯಿಲ್ ಹಾಯಾಗಿರುತ್ತದೆ. ಟ್ರ್ಯಾಕಿನಲ್ಲಿ ಆ ನೆಮ್ಮದಿ ಇಲ್ಲ. ತಿರುವಿಗೆ ಮುಂಚೆ ಗೇರ್ ಇಳಿಯುತ್ತದೆ, ತಿರುವು ಮುಗಿದ ಕೂಡಲೇ ಪೂರ್ತಿ ಆಕ್ಸಿಲರೇಟರ್. ಲಾಕಪ್ ಪದೇ ಪದೇ ಬಿಟ್ಟುಕೊಳ್ಳುತ್ತದೆ. ಪ್ರತಿ ಗೇರ್ ಬದಲಾವಣೆಯಲ್ಲೂ ಒಳಗಿನ ಕ್ಲಚ್ ಪ್ಲೇಟುಗಳ ಉಜ್ಜಾಟ ಬೇರೆ.

ಆಯಿಲ್‌ಗೆ ಹಿತವಾದದ್ದು ಸುಮಾರು 80ರಿಂದ 95 ಡಿಗ್ರಿ ಸೆಲ್ಸಿಯಸ್. 115–120 ದಾಟಿ ಹೆಚ್ಚು ಹೊತ್ತು ನಿಂತರೆ ಆಯಿಲ್ ಬೇಗ ಕೆಡುತ್ತದೆ. ಅಲ್ಲಿಂದ ಮೇಲೆ ಪ್ರತಿ ಹತ್ತು ಡಿಗ್ರಿಗೆ ಆಯಿಲ್‌ನ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಈ ಕೆಲಸ ಬಲ್ಲವರ ಲೆಕ್ಕ. ಇನ್ನೂ ಮೇಲೆ ಹೋದರೆ ರಬ್ಬರ್ ಸೀಲುಗಳು ಗಡುಸಾಗುತ್ತವೆ, ಕ್ಲಚ್ ಪ್ಲೇಟುಗಳು ಜಾರಿ ಸುಡುತ್ತವೆ. ಡಿಪ್‌ಸ್ಟಿಕ್ ಎಳೆದಾಗ ಸುಟ್ಟ ವಾಸನೆ ಬಂದರೆ ಆ ಹಂತ ಮುಟ್ಟಿಯಾಗಿದೆ ಅಂತಲೇ ಅರ್ಥ.

ಯಾವ ಕೂಲರ್ ಕೊಳ್ಳುವ ಮುಂಚೆಯೂ ಆಯಿಲ್ ಎಷ್ಟು ಬಿಸಿ ಅಂತ ತೋರಿಸುವ ಒಂದು ಗೇಜ್ ಹಾಕಿಸಿ. ನಾನು ಎರಡು ಕಡೆ ಸೆನ್ಸರ್ ಇಟ್ಟಿದ್ದೇನೆ: ಒಂದು ಗೇರ್‌ಬಾಕ್ಸ್ ಅಡಿಯ ಆಯಿಲ್ ಪ್ಯಾನ್‌ನಲ್ಲಿ, ಇನ್ನೊಂದು ಗೇರ್‌ಬಾಕ್ಸ್‌ನಿಂದ ಕೂಲರ್‌ಗೆ ಹೊರಡುವ ಪೈಪಿನಲ್ಲಿ. ಪ್ಯಾನ್ 100 ತೋರಿಸುತ್ತಾ ಆರಾಮಾಗಿರುವಾಗಲೇ ಹೊರಡುವ ಪೈಪು 130 ದಾಟಿದ್ದನ್ನು ನೋಡಿದ್ದೇನೆ. ಪ್ಯಾನ್ ಒಂದನ್ನೇ ನೋಡಿದರೆ ವಿಷಯ ತಡವಾಗಿ ಗೊತ್ತಾಗುತ್ತದೆ.

ರೇಡಿಯೇಟರ್ ಒಳಗಿನ ಕೂಲರ್ ಬಗ್ಗೆ ನನಗೆ ಗೌರವವೇ ಇದೆ. ರೇಡಿಯೇಟರ್‌ನ ಪಕ್ಕದ ಅಥವಾ ಕೆಳಗಿನ ಟ್ಯಾಂಕಿನೊಳಗೆ ಆಯಿಲ್ ಹಾದುಹೋಗುತ್ತದೆ, ಸುತ್ತ ಎಂಜಿನ್ ತಣಿಸುವ ದ್ರವ, ಅಂದರೆ ಕೂಲೆಂಟ್. ಚಳಿಯ ಬೆಳಗ್ಗೆ ಎಂಜಿನ್ ಬೇಗ ಬಿಸಿಯಾಗಿ ಆಯಿಲನ್ನೂ ಬೆಚ್ಚಗೆ ಮಾಡುತ್ತದೆ. ಊರೊಳಗಿನ ಓಡಾಟಕ್ಕೆ ಇದಕ್ಕಿಂತ ಜಾಸ್ತಿ ಬೇಕಿಲ್ಲ. ತೊಂದರೆ ಟ್ರ್ಯಾಕಿನಲ್ಲಿ. ಕೂಲೆಂಟೇ 100ರ ಆಸುಪಾಸಿನಷ್ಟು ಬಿಸಿ ಇದ್ದರೆ ಅದು ಆಯಿಲನ್ನು ಅದಕ್ಕಿಂತ ಕೆಳಗೆ ಹೇಗೆ ಇಳಿಸೀತು? ಮೇಲಾಗಿ ಗೇರ್‌ಬಾಕ್ಸಿನ ಬಿಸಿ ಎಂಜಿನ್ ಕೂಲೆಂಟಿಗೂ ಹೊರೆಯಾಗುತ್ತದೆ. ರೇಡಿಯೇಟರ್ ಹಳೆಯದಾಗಿ ಒಳಗೆ ಸೋರಿದರೆ ಕೂಲೆಂಟ್ ಆಯಿಲ್ ಜೊತೆ ಬೆರೆತು ಗುಲಾಬಿ ಬಣ್ಣದ ಹಾಲಿನ ಹಾಗೆ ಆಗುತ್ತದೆ, ಕ್ಲಚ್ ಪ್ಲೇಟಿನ ಅಂಟು ಬಿಟ್ಟುಕೊಳ್ಳುತ್ತದೆ. ಹಳೇ ಕಾರು ಟ್ರ್ಯಾಕಿಗೆ ಒಯ್ಯುವವರು ಹೊಸ ರೇಡಿಯೇಟರ್ ಹಾಕಿಸಿಯೇ ಒಯ್ಯಿರಿ.

ದೊಡ್ಡ ಅಲ್ಯೂಮಿನಿಯಂ ಪ್ಯಾನ್ ಸಾಕಲ್ವಾ ಅಂತ ಕೇಳುವವರಿದ್ದಾರೆ. ಅದರಿಂದ ಆಯಿಲ್ ಜಾಸ್ತಿ ಹಿಡಿಯುತ್ತದೆ, ಬಿಸಿಯಾಗುವುದು ತಡವಾಗುತ್ತದೆ, ಅಷ್ಟೆ.

ಇನ್ನು ಟ್ಯೂಬ್ ಕೂಲರ್ ಕಿಟ್. ಹಾವಿನಂತೆ ಮಡಚಿದ ಒಂದು ಪೈಪು, ಅದರ ಸುತ್ತ ತೆಳು ರೆಕ್ಕೆಗಳು. ರೇಡಿಯೇಟರ್ ಮುಂದಿರುವ ಎಸಿಯ ಬಿಸಿ ಬಿಡುವ ಭಾಗ, ಅಂದರೆ ಕಂಡೆನ್ಸರ್, ಅದರ ಮುಂದೆ ಕೂರಿಸಿದ್ದೆ. ಕೆಲಸ ಮಾಡಲಿಲ್ಲ ಅಂತ ಹೇಳಲಾರೆ. ಟ್ರ್ಯಾಕಿನಲ್ಲಿ ಪ್ಯಾನ್ ಬಿಸಿ ಕಣ್ಣಿಗೆ ಕಾಣುವಷ್ಟು ಇಳಿಯಿತು. ಎಡವಟ್ಟಾದದ್ದು ಅದನ್ನು ತೂಗುಹಾಕುವ ರೀತಿಯಲ್ಲಿ.

ಕಿಟ್ಟಿನಲ್ಲಿ ನಾಲ್ಕು ಪ್ಲಾಸ್ಟಿಕ್ ಕಡ್ಡಿಗಳು ಬರುತ್ತವೆ. ಕೂಲರ್‌ನಿಂದ ಶುರುವಾಗಿ ಕಂಡೆನ್ಸರ್, ರೇಡಿಯೇಟರ್ ಎರಡರ ರೆಕ್ಕೆಗಳ ನಡುವೆ ಅವನ್ನು ತೂರಿಸಿ, ಆ ಕಡೆ ಬಿಲ್ಲೆ ಹಾಕಿ ಎಳೆದು ಬಿಗಿಯಬೇಕು. ನಡುವೆ ಸ್ಪಂಜಿನ ಚೂರು. ತೂತು ಕೊರೆಯಬೇಕಾಗಿಲ್ಲ, ವೆಲ್ಡಿಂಗ್ ಇಲ್ಲ, ಬೇಗ ಮುಗಿಯುತ್ತದೆ. ರಸ್ತೆಯಲ್ಲಿ ಓಡಿಸುವಾಗ ಏನೂ ಆಗಲಿಲ್ಲ.

ಟ್ರ್ಯಾಕಿನಲ್ಲಿ ಕಾರು ಅಂಚಿನ ಉಬ್ಬು ಪಟ್ಟಿ, ಅಂದರೆ ಕರ್ಬ್ ಮೇಲೆ ಹತ್ತಿಳಿಯುತ್ತದೆ. ಬ್ರೇಕ್ ತುಳಿದಾಗ ಮುಂಭಾಗ ಮುಗ್ಗರಿಸುತ್ತದೆ. ಆಯಿಲ್ ತುಂಬಿದ ಕೂಲರ್‌ಗೆ ತಕ್ಕಮಟ್ಟಿಗೆ ತೂಕ ಇದೆ, ಅದರ ಭಾರವೆಲ್ಲ ಆ ಕಡ್ಡಿಗಳ ಮೇಲೆ. ಕಡ್ಡಿಗಳ ಭಾರ ಕಾಗದದಷ್ಟು ತೆಳುವಾದ ರೆಕ್ಕೆಗಳ ಮೇಲೆ. ಬಿಸಿಗೆ ಸ್ಪಂಜು ಗಟ್ಟಿಯಾಗಿ ಚಪ್ಪಟೆಯಾಗುತ್ತದೆ. ಅಲ್ಲಿಂದ ಒಂದು ಕೂದಲೆಳೆಯಷ್ಟು ಸಡಿಲ ಹುಟ್ಟುತ್ತದೆ. ಆಮೇಲೆ ಎಂಜಿನ್ ಓಡುವಷ್ಟು ಹೊತ್ತೂ ಕೂಲರ್ ತಲೆ ಆಡಿಸುತ್ತಲೇ ಇರುತ್ತದೆ, ಕಡ್ಡಿ ಉಜ್ಜುತ್ತಲೇ ಇರುತ್ತದೆ.

ನನಗೆ ಮೊದಲು ಕಂಡದ್ದು ಒಂದು ಕಡ್ಡಿಯ ಬುಡದಲ್ಲಿ ಒಣಗಿದ ಕೂಲೆಂಟಿನ ಹರಳು. ಟಾರ್ಚ್ ಬಿಟ್ಟು ನೋಡಿದರೆ ಸುತ್ತಲಿನ ರೆಕ್ಕೆಗಳು ಮಡಚಿ ಮಲಗಿದ್ದವು. ಅವುಗಳ ನಡುವೆ ರೇಡಿಯೇಟರ್‌ನ ಚಪ್ಪಟೆ ಟ್ಯೂಬಿನ ಅಂಚು ಕನ್ನಡಿಯಷ್ಟು ನುಣುಪಾಗಿ ಹೊಳೆಯುತ್ತಿತ್ತು. ಎಂಜಿನ್ ಬಿಸಿಯಾಗಿ ಒತ್ತಡ ಏರಿದಾಗ ಮಾತ್ರ ಅಲ್ಲಿಂದ ಬೆವರಿನ ಹಾಗೆ ಹನಿ ಬರುತ್ತಿತ್ತು. ತಣ್ಣಗಿದ್ದಾಗ ಏನೂ ಇಲ್ಲ. ಹಾಗಾಗಿ ನೆಲದ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ, ಎಂಜಿನ್ ಬಿಸಿ ತೋರಿಸುವ ಗೇಜಿನ ಮುಳ್ಳೂ ಅಲುಗಿರಲಿಲ್ಲ. ಕಂಡೆನ್ಸರ್ ಟ್ಯೂಬಿನಲ್ಲೂ ಅದೇ ಗುರುತು ಶುರುವಾಗಿತ್ತು, ಇನ್ನೂ ತೂತಾಗಿರಲಿಲ್ಲ.

ಹೊಸ ಸ್ಪಂಜು ಹಾಕಿ ಮತ್ತೆ ಬಿಗಿಯಿರಿ ಅಂತ ಹಲವರು ಹೇಳುತ್ತಾರೆ. ಮಾಡಿದೆ. ಮತ್ತೆ ಸಡಿಲವಾಯಿತು. ಆಗದೆ ಇನ್ನೇನು? ರೆಕ್ಕೆ ಇರುವುದು ಗಾಳಿಗೆ ಬಿಸಿ ಬಿಡುವುದಕ್ಕೆ, ಭಾರ ಹೊರುವುದಕ್ಕಲ್ಲ. ಜೋರಾಗಿ ಎಳೆದು ಕಟ್ಟಿದರೆ ರೆಕ್ಕೆ ಇನ್ನಷ್ಟು ಕುಸಿಯುತ್ತದೆ. ಕೂಲರ್‌ನಲ್ಲಿ ಉಳಿಸಿದ ದುಡ್ಡೆಲ್ಲ, ಅದರ ಮೇಲೆ ಇನ್ನಷ್ಟು, ಹೊಸ ರೇಡಿಯೇಟರ್‌ಗೆ ಹೋಯಿತು. ಇದಕ್ಕಿರುವ ಪರಿಹಾರ ಒಂದೇ: ರೇಡಿಯೇಟರ್ ಹಿಡಿದಿರುವ ಮೇಲಿನ ಮತ್ತು ಕೆಳಗಿನ ಅಡ್ಡ ಪಟ್ಟಿಗಳಿಗೆ ಬೋಲ್ಟ್ ಹಾಕಿದ ಬ್ರಾಕೆಟ್, ನಡುವೆ ರಬ್ಬರ್ ಬುಷ್. ಕೂಲರ್ ಯಾವುದನ್ನೂ ಮುಟ್ಟಬಾರದು.

ಜಾಗದ ತಕರಾರು ಇನ್ನೊಂದಿದೆ. ಮುಂದೆ ಕೂತ ಕೂಲರ್ ತನ್ನ ಬಿಸಿಯನ್ನೆಲ್ಲ ಹಿಂದಿನ ರೇಡಿಯೇಟರ್ ಮುಖಕ್ಕೆ ಊದುತ್ತದೆ. ಗೇರ್‌ಬಾಕ್ಸ್ ತಣ್ಣಗಾಯಿತು ಅಂತ ಖುಷಿಪಡುವಷ್ಟರಲ್ಲಿ ಎಂಜಿನ್ ಕೂಲೆಂಟ್ ಮೇಲೇರಿತ್ತು.

ಪ್ಲೇಟ್ ಕೂಲರ್ ಅದಕ್ಕೇ ಇಷ್ಟ. ಆಯಿಲ್ ಒಂದೇ ಉದ್ದ ಪೈಪಿನಲ್ಲಿ ಸುತ್ತುವುದಿಲ್ಲ. ಒಂದರ ಮೇಲೊಂದು ಜೋಡಿಸಿದ ಹಲವು ಪ್ಲೇಟುಗಳಲ್ಲಿ ಹಂಚಿಕೊಂಡು ಒಟ್ಟಿಗೇ ಹರಿಯುತ್ತದೆ. ಅಷ್ಟೇ ಜಾಗದಲ್ಲಿ ಜಾಸ್ತಿ ಬಿಸಿ ಬಿಡುತ್ತದೆ, ಹರಿವಿಗೆ ತಡೆ ಕಡಿಮೆ. ಈ ತಡೆಯ ಮಾತು ಸಣ್ಣದಲ್ಲ. ಬಹಳಷ್ಟು ಗೇರ್‌ಬಾಕ್ಸ್‌ಗಳಲ್ಲಿ ಕೂಲರ್‌ನಿಂದ ವಾಪಸ್ ಬರುವ ಆಯಿಲೇ ಒಳಗಿನ ಗೇರ್ ಮತ್ತು ಬುಷ್‌ಗಳಿಗೆ ಜಿಡ್ಡು ಕೊಡುವುದು. ಸಣ್ಣ ಪೈಪು, ಸಣ್ಣ ಫಿಟ್ಟಿಂಗ್ ಹಾಕಿ ಹರಿವು ಕಟ್ಟಿಹಾಕಿದರೆ ತಣ್ಣಗಿದ್ದ ಗೇರ್‌ಬಾಕ್ಸೇ ಒಣಗಿ ಸವೆಯುತ್ತದೆ.

ನಾನು ಇದನ್ನು ಬಂಪರ್‌ನ ಪಕ್ಕದ ಜಾಲರಿಯ ಹಿಂದೆ, ಮುಂದಿನ ಚಕ್ರಕ್ಕಿಂತ ಸ್ವಲ್ಪ ಮುಂಚೆ ಕೂರಿಸಿದ್ದೇನೆ. ರೇಡಿಯೇಟರ್‌ಗೂ ಇದರ ಬಿಸಿ ಗಾಳಿಗೂ ಸಂಬಂಧವೇ ಇಲ್ಲ. ಗಾಳಿ ಒಳಗೆ ಬಂದರೆ ಸಾಲದು, ಹೊರಗೆ ಹೋಗಲೂ ದಾರಿ ಬೇಕು. ಚಕ್ರದ ಮೇಲಿನ ಪ್ಲಾಸ್ಟಿಕ್ ಲೈನರ್‌ನಲ್ಲಿ ಸೀಳು ಬಿಟ್ಟ ಮೇಲೆಯೇ ನನಗೆ ಪೂರ್ತಿ ಫಲ ಸಿಕ್ಕಿದ್ದು. ಕೂಲರ್ ಸುತ್ತ ಬಿಗಿಯಾದ ಕವಚ ಇರಲಿ. ಇಲ್ಲದಿದ್ದರೆ ಗಾಳಿ ಸುಲಭದ ದಾರಿ ಹಿಡಿದು ಪಕ್ಕದಿಂದ ಜಾರಿಹೋಗುತ್ತದೆ.

ಫ್ಯಾನು ಯಾಕೆ ಅಂದರೆ, ಟ್ರ್ಯಾಕಿನಿಂದ ಹೊರಬಂದು ನಿಂತಾಗಲೂ ಆಯಿಲ್ ಬಿಸಿಯಾಗೇ ಇರುತ್ತದೆ, ಗಾಳಿ ಮಾತ್ರ ನಿಂತುಹೋಗಿರುತ್ತದೆ. ಊರಿನ ಟ್ರಾಫಿಕ್‌ನಲ್ಲೂ ಇದೇ ಕಥೆ. ಥರ್ಮಲ್ ಸ್ವಿಚ್ ಹಾಕಿದರೆ ತಾನಾಗಿ ಓಡಿ ತಾನಾಗಿ ನಿಲ್ಲುತ್ತದೆ. ಎಂಜಿನ್ ಆಫ್ ಮಾಡದೆ ನ್ಯೂಟ್ರಲ್‌ನಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ ಪಂಪು ಆಯಿಲ್ ಓಡಿಸುತ್ತಿರುತ್ತದೆ, ಗೇಜು ಕಣ್ಣೆದುರೇ ಇಳಿಯುತ್ತದೆ.

ಥರ್ಮೋಸ್ಟಾಟ್ ಬೇಕೇ ಬೇಕು. ಸುಮಾರು 82 ಡಿಗ್ರಿಗೆ ತೆರೆಯುವುದು ಸಿಗುತ್ತದೆ. ಅದಿಲ್ಲದೆ ಚಳಿಯಲ್ಲಿ ಆಯಿಲ್ ಬೆಚ್ಚಗಾಗುವುದೇ ಇಲ್ಲ, ಗೇರ್ ಮಂದವಾಗಿ ಬೀಳುತ್ತದೆ, ಎಷ್ಟೋ ಕಾರುಗಳು ಲಾಕಪ್ ಹಿಡಿಯುವುದನ್ನೇ ಮುಂದೂಡುತ್ತವೆ. ಪೆಟ್ರೋಲ್ ಸುಮ್ನೆ ಖರ್ಚು.

ರೇಡಿಯೇಟರ್ ಒಳಗಿನ ಕೂಲರನ್ನು ಕಿತ್ತುಹಾಕಬೇಕೇ? ಬರೀ ಟ್ರ್ಯಾಕ್ ಕಾರಾದರೆ ಕಿತ್ತುಹಾಕಿ. ನನ್ನದು ದಿನಾ ಓಡುವ ಕಾರು, ಹಾಗಾಗಿ ಉಳಿಸಿಕೊಂಡಿದ್ದೇನೆ. ಆಯಿಲ್ ಮೊದಲು ಅಲ್ಲಿಗೆ, ಆಮೇಲೆ ಪ್ಲೇಟ್ ಕೂಲರ್‌ಗೆ, ಕೊನೆಗೆ ಗೇರ್‌ಬಾಕ್ಸಿಗೆ.

ಹೋಸ್ ವಿಷಯದಲ್ಲಿ ಚೌಕಾಸಿ ಬೇಡ. ಪೆಟ್ರೋಲ್ ಹೋಸ್ ಇದಕ್ಕಲ್ಲ. ಎಸ್‌ಎಇ ಜೆ1532 (ಇಂಥ ಹೋಸಿಗೆಂದೇ ಇರುವ ಮಾನದಂಡದ ಸಂಖ್ಯೆ) ಅಂತ ಅಚ್ಚಾದ ಟ್ರಾನ್ಸ್‌ಮಿಷನ್ ಹೋಸ್ ತನ್ನಿ. ಕಬ್ಬಿಣದ ಪೈಪಿನ ತುದಿಯಲ್ಲಿ ಉಬ್ಬು ಏಣು ಇರಲಿ, ನುಣುಪಾದ ತುದಿಯಿಂದ ಹೋಸ್ ಜಾರಿ ಕಳಚುತ್ತದೆ.

ಪ್ಲೇಟ್ ಕೂಲರ್‌ಗೂ ಕೊರತೆ ಇದೆ. ದುಬಾರಿ. ಬ್ರಾಕೆಟ್, ಕವಚ ಕೈಯಾರೆ ಮಾಡಿಸಬೇಕು. ಗೇರ್‌ಬಾಕ್ಸ್ ಒಮ್ಮೆ ಪುಡಿಯಾದರೆ ಅದರ ಚೂರುಗಳು ಪ್ಲೇಟುಗಳ ಸಂದಿನಲ್ಲಿ ಕೂರುತ್ತವೆ. ತೊಳೆದರೆ ಪೂರ್ತಿ ಹೋಗುವುದಿಲ್ಲ. ಹೊಸ ಗೇರ್‌ಬಾಕ್ಸಿಗೆ ಹೊಸ ಕೂಲರೇ ಹಾಕಬೇಕು.

ಯಾವುದನ್ನೇ ಹಾಕಿದರೂ ಆಯಿಲ್ ಮಟ್ಟ ಮತ್ತೆ ನೋಡಿ. ಕೂಲರ್, ಹೋಸ್ ತುಂಬಲು ಹೆಚ್ಚಿನ ಆಯಿಲ್ ಹಿಡಿಯುತ್ತದೆ. ಮ್ಯಾನ್ಯುಯಲ್ ಹೇಳಿದ ಬಿಸಿಯಲ್ಲೇ ಅಳೆಯಿರಿ. ಜಾಸ್ತಿ ಸುರಿದರೆ ಗೇರ್ ಕಡೆದು ನೊರೆ ಬರುತ್ತದೆ.

ವರ್ಷಕ್ಕೊಮ್ಮೆ ಟ್ರ್ಯಾಕಿಗೆ ಹೋಗುವವರಿಗೆ ಒಳ್ಳೆಯ ರೇಡಿಯೇಟರ್, ಹೊಸ ಆಯಿಲ್, ಒಂದು ಗೇಜು ಸಾಕು. ಬಿಸಿ ಏರಿದಾಗ ನಿಧಾನದ ಒಂದು ಸುತ್ತು ಹಾಕಿ ಹೊರಬನ್ನಿ. ಅದಕ್ಕಿಂತ ಜಾಸ್ತಿ ಹೋಗುವವರು ಹೊಸ ಅಲಾಯ್ ಚಕ್ರದ ಆಸೆ ಮುಂದೂಡಿ ಪ್ಲೇಟ್ ಕೂಲರ್ ತಗೊಳ್ಳಿ, ನಾನು ಹಾಗೇ ಮಾಡಿದ್ದು. ಸದ್ಯಕ್ಕೆ ಟ್ಯೂಬ್ ಕೂಲರ್‌ಗಷ್ಟೇ ದುಡ್ಡು ಇದೆ ಅನ್ನುವವರು ಅದನ್ನೇ ಕೊಳ್ಳಿ, ಆದರೆ ಡಬ್ಬಿಯಲ್ಲಿರುವ ಆ ನಾಲ್ಕು ಕಡ್ಡಿಗಳನ್ನು ಕಸಕ್ಕೆ ಹಾಕಿ ಮೊದಲು ಬ್ರಾಕೆಟ್ ಮಾಡಿಸಿ.