320 ನಂಬರ್ ವಾಟರ್ ಪೇಪರ್ ಕೈಕೊಟ್ಟ ಕಥೆ
ಹಳೇ ಕಾರಿನ ಇಂಜಿನ್ ಮೇಲಿನ ಮುಚ್ಚಳಕ್ಕೆ, ಅಂದ್ರೆ ಅಲ್ಯೂಮಿನಿಯಂ ಟ್ಯಾಪೆಟ್ ಕವರ್‌ಗೆ ಪೇಂಟ್ ಹೊಡೆಯೋಣ ಅಂತ ಬೆಂಗಳೂರಿನ ಜೆ.ಸಿ. ರೋಡಿನ ಒಂದು ಸಣ್ಣ ಅಂಗಡಿಯಿಂದ 180, 320, 600 ನಂಬರ್ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ, ನಂಬರ್ ಹೆಚ್ಚಿದಷ್ಟೂ ನಯ) ತಂದೆ. 180 ಚೆನ್ನಾಗಿದೆ. ಸೀಮೆಎಣ್ಣೆಯಲ್ಲಿ ಜಿಡ್ಡು ತೊಳೆದು, ಥಿನ್ನರ್ ಬಟ್ಟೆಯಲ್ಲಿ ಒರೆಸಿ ಉಜ್ಜಿದರೆ ಹಳೇ ಬಣ್ಣ ಪುಡಿಪುಡಿಯಾಗಿ ಬಂತು. 320 ಮಾತ್ರ ನೀರು ತಾಗಿದ ಹತ್ತೇ ನಿಮಿಷಕ್ಕೆ ಮಡಿಕೆಯಲ್ಲಿ ಹರಿದು, ಉದುರಿದ ಪುಡಿ ಲೋಹದ ಮೇಲೆ ಗೀರು ಎಳೆದು, ಪ್ರೈಮರ್ ಹೊಡೆದ ಮೇಲೆ ಆ ಗೆರೆಗಳೆಲ್ಲ ಎದ್ದು ಕಂಡವು. ಮತ್ತೆ ಮೊದಲಿಂದ ಉಜ್ಜಿದೆ, ಭಾನುವಾರ ಪೂರ್ತಿ ಹೋಯ್ತು! ಅಂಗಡಿಯವರು ಒಳ್ಳೆಯವರೇ, ಗ್ಯಾಸ್ಕೆಟ್ (ಆಯಿಲ್ ಸೋರದಂತೆ ನಡುವೆ ಇಡುವ ಪಟ್ಟಿ) ಕೂರುವ ಅಂಚಿಗೆ ಟೇಪ್ ಹಚ್ಚಿ ಸಾರ್, ಅಲ್ಲಿ ಉಜ್ಜಿದ್ರೆ ಆಯಿಲ್ ಸೋರುತ್ತೆ ಅಂತ ಅವರೇ ಹೇಳಿದ್ದು. 600ನ್ನು ಪ್ರೈಮರ್ ಮೇಲೆ ಹಗುರವಾಗಿ ಆಡಿಸಿದೆ, ಗಾಜಿನ ಹಾಗೆ ನುಣುಪು. 320 ಬೇಕಿದ್ದರೆ ಬೇರೆ ಕಡೆ ನೋಡಿ.