ಬಾವಿ ನೀರಿನ ಮಟ್ಟಕ್ಕೆ ಲೇಸರೋ, ಲೋಟವೋ?

ದೂರ ಅಳೆಯುವ ಕೆಂಪು ಲೇಸರ್ ಮೀಟರಿಗೆ 1,900 ರೂಪಾಯಿ ಕೊಟ್ಟೆ. ಈಗ ಬಾವಿಕಟ್ಟೆಗೆ ಒಯ್ಯುವುದು ಟೇಪು ಮತ್ತು ಸ್ಟೀಲ್ ಲೋಟ.

2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನಲ್ಲಿ ಸಂಸ್ಕರಿಸಿದ ಕೊಳಚೆ ನೀರು, ಲಕ್ಷ್ಮೀಸಾಗರ ಕೆರೆಗೆ ಬಂದು, ಅಲ್ಲಿಂದ ಕೆರೆಯಿಂದ ಕೆರೆಗೆ ಹರಿದ ಮೇಲೆ, ಕೋಲಾರದ ನಮ್ಮೂರ ಕಡೆ ಬತ್ತಿದ್ದ ಬಾವಿಯಲ್ಲೂ ನೀರು ಕಂಡಿತು. ಭಾನುವಾರ ಭಾನುವಾರ ಮಟ್ಟ ಬರೆದಿಡುವ ಚಟ ನನಗೆ ಹತ್ತಿದ್ದು ಆಮೇಲೆ. ಹಗ್ಗ ಇಳಿಬಿಡುವ ಬದಲು ಗುಂಡಿ ಒತ್ತಿದರೆ ಮುಗಿಯಿತಲ್ಲ ಅಂದುಕೊಂಡೆ.

ಒತ್ತಿದೆ. ಎರರ್. ಹತ್ತು ಸಲ ಒತ್ತಿದರೂ ಅದೇ. ಸ್ವಲ್ಪ ವಾಲಿಸಿದರೆ 6.2 ಮೀಟರ್ ಅಂತ ಥಟ್ಟನೆ ಬಂತು; ಅದು ಬಾವಿಯ ಗೋಡೆಕಲ್ಲು. ಮೀಟರ್ ಕೆಟ್ಟಿರಲಿಲ್ಲ. ಬೆಳಕು ಗುರಿಗೆ ತಾಗಿ ಚದುರಿ, ಅದರಲ್ಲಿ ಒಂದಿಷ್ಟು ವಾಪಸ್ ಬಂದರೆ ತಾನೇ ದೂರ ಸಿಗುವುದು? ಸುಣ್ಣದ ಗೋಡೆ ಚದುರಿಸುತ್ತದೆ. ನಿಂತ ತಿಳಿನೀರು ನೇರ ಬಿದ್ದ ಬೆಳಕಿನಲ್ಲಿ ಶೇ 2ರಷ್ಟನ್ನು ಮಾತ್ರ ಹಿಂದಿರುಗಿಸುತ್ತದೆ, ಅದೂ ಕನ್ನಡಿಯ ಹಾಗೆ. ಕೈ ಚೂರು ಅಲುಗಿದರೆ ಅದೂ ಬೇರೆಲ್ಲೋ ಹೋಯಿತು. ಉಳಿದದ್ದೆಲ್ಲ ನೀರೊಳಗೆ.

ಟೈಲ್ಸ್ ಕೆಲಸ ಮಾಡುವ ಭಾವಮೈದುನನ ಹಸಿರು ಲೇಸರ್ ಮೀಟರ್ ತಂದೆ. ಅದು ಅಂಕಿಯನ್ನೇನೋ ಕೊಟ್ಟಿತು: 15.5 ಮೀಟರ್. ನಮ್ಮ ಬಾವಿ ತಳದವರೆಗೂ ಇರುವುದೇ 14! ಹಸಿರು ಬೆಳಕನ್ನು ನೀರು ಕೆಂಪಿನಷ್ಟು ಹೀರುವುದಿಲ್ಲ, ಹಾಗಾಗಿ ತಳ ಮುಟ್ಟಿ ಬಂದಿದೆ. ನೀರಿನಲ್ಲಿ ಬೆಳಕಿನ ವೇಗ ಗಾಳಿಯಲ್ಲಿರುವುದರ ಮುಕ್ಕಾಲು ಪಾಲು. ಮೀಟರಿಗೆ ಅದೇನು ಗೊತ್ತು? ನಾಲ್ಕೂವರೆ ಮೀಟರ್ ನೀರನ್ನು ಆರು ಅಂತ ಎಣಿಸಿದೆ. ವಿಮಾನದಿಂದ ಕಡಲಂಚಿನ ಆಳ ಅಳೆಯುವವರು ಹಸಿರು ಲೇಸರ್ ಹಿಡಿಯುವುದು ಈ ಗುಣಕ್ಕೇ. ಅವರಿಗೆ ತಳ ಬೇಕು, ನನಗೆ ಬೇಕಿದ್ದದ್ದು ಮೇಲ್ಮೈ.

ಥರ್ಮಾಕೋಲ್ ತಟ್ಟೆ ತೇಲಿಬಿಟ್ಟೆ. ಎರಡೂ ಮೀಟರ್ 9.5 ಅಂದವು, ಸರಿಯಾಗಿಯೇ. ಆದರೆ ತಟ್ಟೆ ಇಳಿಸಲು ದಾರ ಬೇಕು. ದಾರ ಇಳಿಬಿಟ್ಟ ಮೇಲೆ ಲೇಸರ್ ಯಾಕೆ?

30 ಮೀಟರಿನ ಟೇಪಿಗೆ 350 ರೂಪಾಯಿ. ಲೋಟದ ತಳಕ್ಕೆ ಬೋಲ್ಟ್ ಬಿಗಿದು, ಬೋರಲಾಗಿ ತುದಿಗೆ ಕಟ್ಟಿ ಇಳಿಬಿಟ್ಟರೆ ನೀರು ತಾಗಿದೊಡನೆ 'ಟೊಪ್' ಅನ್ನುತ್ತದೆ. ಎರಡು ಸಲ ಎತ್ತಿ ಬಿಟ್ಟರೆ ಸೆಂಟಿಮೀಟರ್ ಆಚೀಚೆ, ಅಷ್ಟೇ. ಲೋಟದ ಉದ್ದ ಕೂಡಿಸಬೇಕು. ನಾನು ಮೂರು ವಾರ ಮರೆತಿದ್ದೆ.

ಬಿಸಿಲಲ್ಲಿ ಹಸಿರು ಚುಕ್ಕೆ ಚೆನ್ನಾಗಿ ಕಾಣುತ್ತದೆ, ನಿಜ. ಬೆಲೆ ದುಪ್ಪಟ್ಟು, ನನಗೆ ಬೇಡ. ಕೆಂಪನ್ನು ಮಾರುವುದಿಲ್ಲ, ಟೇಪಿನ ಇನ್ನೊಂದು ತುದಿ ಹಿಡಿಯಲು ಆಳಿಲ್ಲದಾಗ ರೂಮಿನ ಅಳತೆಗೆ ಅದೇ ಗತಿ. ವಾರಕ್ಕೊಂದೇ ಬಾವಿ ನೋಡುವ ನನಗೆ ಲೋಟ ಸಾಕು. ಅಡುಗೆಮನೆಯಲ್ಲಿ ಒಂದು ಕಮ್ಮಿಯಾದದ್ದು ಇನ್ನೂ ಯಾರ ಗಮನಕ್ಕೂ ಬಂದಿಲ್ಲ.