ಹ್ಯಾಲೋವೀನ್ ಉಡುಗೊರೆಗೆ ಹೆಣಿಗೆಯ ಗೊಂಬೆ: ಕುಂಬಳಕಾಯಿಯೋ, ಪುಟ್ಟ ದೆವ್ವವೋ?

ಅಕ್ಟೋಬರ್ 31ರ ಹ್ಯಾಲೋವೀನ್‌ಗಾಗಿ ಅಮೆರಿಕದಲ್ಲಿರುವ ಮಗುವಿಗೆ ಕೈಯಾರೆ ಹೆಣೆದ ಗೊಂಬೆಯನ್ನು ಕೊಡಬಯಸುವವರ ಮುಂದೆ ಸಾಮಾನ್ಯವಾಗಿ ಎರಡು ಆಯ್ಕೆಗಳಿರುತ್ತವೆ: ಕಿತ್ತಳೆ ಬಣ್ಣದ ಕುಂಬಳಕಾಯಿ ಮತ್ತು ಬಿಳಿಯ ಪುಟ್ಟ ದೆವ್ವ.

ಹೆಣಿಗೆಯನ್ನು ಹೊಸದಾಗಿ ಕಲಿತವರಿಗೆ ನಾನು ಕುಂಬಳಕಾಯಿಯನ್ನೇ ಸೂಚಿಸುತ್ತೇನೆ. ಎರಡು ಕಡ್ಡಿಗಳಲ್ಲಿ ಆಯತಾಕಾರದ ಪಟ್ಟಿಯೊಂದನ್ನು ಹೆಣೆದು, ಬದಿಗಳನ್ನು ಕೂಡಿಸಿ ಹೊಲಿದು, ಒಂದು ತುದಿಯನ್ನು ನೆರಿಗೆಗಟ್ಟಿ ಬಿಗಿದು, ಪಾಲಿಯೆಸ್ಟರ್ ಹತ್ತಿಯನ್ನು ತುಂಬಿ ಇನ್ನೊಂದು ತುದಿಯನ್ನೂ ಮುಚ್ಚಿದರೆ ಉಂಡೆ ಸಿದ್ಧವಾಗುತ್ತದೆ. ಬಳಿಕ ಉದ್ದನೆಯ ಸೂಜಿಯಲ್ಲಿ ಅದೇ ನೂಲನ್ನು ಪೋಣಿಸಿ, ತಳದಿಂದ ನೆತ್ತಿಗೆ ತೂರಿಸಿ, ಹೊರಗಿನಿಂದ ಸುತ್ತಿ ತಂದು ಆರೆಂಟು ಸಲ ಬಿಗಿಯಾಗಿ ಎಳೆದಾಗ ಕಾಯಿಯ ಏಣುಗಳು ಒಂದೊಂದಾಗಿ ಮೂಡಿಬರುವುದನ್ನು ನೋಡುವುದೇ ಒಂದು ಸಂತೋಷ. ಸಣ್ಣಪುಟ್ಟ ತಪ್ಪುಗಳು ಆ ಮಡಿಕೆಗಳಲ್ಲಿ ಮರೆಯಾಗುತ್ತವೆ. ಆದರೆ ಹೆಣಿಗೆ ಸಡಿಲವಾದರೆ ಕಿತ್ತಳೆ ಬಣ್ಣದ ನಡುವೆ ಬಿಳಿ ಹತ್ತಿ ಇಣುಕುವುದರಿಂದ, ನೂಲಿನ ಚೀಟಿಯಲ್ಲಿ ಹೇಳಿದ್ದಕ್ಕಿಂತ ಸಣ್ಣ ಕಡ್ಡಿಯನ್ನು ಬಳಸಬೇಕು. ಮುಖವನ್ನು ಬಿಡಿಸದೆ ಬಿಟ್ಟರೆ, ನವೆಂಬರ್‌ನ ಥ್ಯಾಂಕ್ಸ್‌ಗಿವಿಂಗ್ ಹಬ್ಬದವರೆಗೂ ಅದು ಮೇಜಿನ ಮೇಲೆ ಶೋಭಿಸುತ್ತದೆ.

ದೆವ್ವದಲ್ಲಿ ಹತ್ತಿ ಕಾಣುವ ಭಯವಿಲ್ಲ. ಆದರೆ ತಲೆಯನ್ನು ದುಂಡಾಗಿಸಲು ಕುಣಿಕೆಗಳನ್ನು ಸಮವಾಗಿ ಕಡಿಮೆ ಮಾಡುತ್ತಾ ಹೋಗಬೇಕಾಗುತ್ತದೆ, ಇದಕ್ಕೆ ಪಳಗಿದ ಕೈ ಬೇಕು. ಕಣ್ಣುಗಳಿಗೆ ಬಳಸಿದ ಕಪ್ಪು ನೂಲಿನ ತುದಿಗಳೂ ಬಿಳಿಯ ಮೂಲಕ ನೆರಳಿನಂತೆ ಕಾಣುವುದರಿಂದ ಅವುಗಳನ್ನು ಹತ್ತಿಯ ಆಳಕ್ಕೆ ಸೇರಿಸಬೇಕು. ಬಿಳಿ ಬೇಗನೆ ಕೊಳೆಯಾಗುತ್ತದೆ; ಆದ್ದರಿಂದ ಯಂತ್ರದಲ್ಲಿ ಒಗೆಯಬಹುದಾದ ಅಕ್ರಿಲಿಕ್ ಅಥವಾ ಹತ್ತಿ ನೂಲು ಒಳ್ಳೆಯದು.

ಮೂರು ವರ್ಷದೊಳಗಿನ ಮಗುವಿಗಾದರೆ, ಗೊಂಬೆ ಯಾವುದೇ ಇರಲಿ, ಮಣಿ ಅಥವಾ ಗುಂಡಿಗಳನ್ನು ಹಚ್ಚದೆ ಕಣ್ಣುಗಳನ್ನು ಕಸೂತಿಯಲ್ಲೇ ಮೂಡಿಸಬೇಕು.